ಆಗದೇ ಹೋದ ಗೋಲು

2015ರ ಮೇ 31. ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಮೋಹನ್ ಬಾಗಾನ್ ನಡುವೆ ಆ ವರ್ಷದ ಐ-ಲೀಗ್‌ನ ನಿರ್ಣಾಯಕ ಪಂದ್ಯ. ಬಾಗಾನಿಗೆ ಡ್ರಾ ಆದರೂ ಸಾಕಿತ್ತು, ನಮ್ಮವರು ಗೆಲ್ಲಲೇಬೇಕಿತ್ತು. 41ನೇ ನಿಮಿಷದಲ್ಲಿ ಜಾನ್ ಜಾನ್ಸನ್ ಗೋಲು ಹೊಡೆದರು. 87ನೇ ನಿಮಿಷದಲ್ಲಿ ಕಾರ್ನರ್‌ನಿಂದ ತೇಲಿ ಬಂದ ಚೆಂಡನ್ನು ಬಾಗಾನಿನ ಬೆಲ್ಲೊ ರಝಾಕ್ ತಲೆಯಿಂದ ಗುದ್ದಿ ಬಲೆಗೆ ಸೇರಿಸಿದರು. ಟ್ರೋಫಿ ಕೋಲ್ಕತ್ತದ ಪಾಲಾಯಿತು.

ಗೋಲು ಹೊಡೆದ ಇಬ್ಬರೂ ಡಿಫೆಂಡರ್‌ಗಳು. ಆ ಪಂದ್ಯದ ವಿಷಯ ಬಂದಾಗಲೆಲ್ಲ ಜನ ಈ ಎರಡು ನಿಮಿಷಗಳ ಮಾತೇ ಆಡುತ್ತಾರೆ. ನನ್ನ ತಲೆಯಲ್ಲಿ ಕೂತಿರುವುದು ನಡುವಿನ 46 ನಿಮಿಷಗಳು. ಅಷ್ಟು ಹೊತ್ತು ಬೆಂಗಳೂರಿನ ಹಿಂಸಾಲಿನವರು ಒಂದು ಸಂಗತಿ ಆಗದಂತೆ ನೋಡಿಕೊಂಡರು. ಇನ್ನೂ ಮೂರು ನಿಮಿಷ ಮತ್ತು ಹೆಚ್ಚುವರಿ ಕಾಲ ಹಾಗೇ ನೋಡಿಕೊಂಡಿದ್ದರೆ ಅದೇ ಕೆಲಸವನ್ನು ಬಂಡೆಯಂಥ ರಕ್ಷಣೆ ಎಂದು ಹೊಗಳುತ್ತಿದ್ದೆವು. ಮೂರು ನಿಮಿಷ ಬಾಕಿ ಇರುವಾಗ ಕೈತಪ್ಪಿತು. ಹಾಗಾದರೆ ಆ 46 ನಿಮಿಷಗಳ ಬೆಲೆ ಎಲ್ಲಿಗೆ ಹೋಯಿತು? ಅಥವಾ, ಆಗದೇ ಇದ್ದದ್ದಕ್ಕೆ ಬೆಲೆ ಅನ್ನುವುದು ಮೊದಲಿಗೆ ಉಂಟೇ?

ಜಾನ್ಸನ್ ಇಂಗ್ಲೆಂಡಿನ ಮಿಡಲ್ಸ್‌ಬರೋ ಕ್ಲಬ್ಬಿನಲ್ಲಿ ಬೆಳೆದು, ನಾರ್ಥಾಂಪ್ಟನ್‌ನಲ್ಲಿ ಆಡಿ, 2013ರಲ್ಲಿ ಆಗಷ್ಟೇ ಹುಟ್ಟಿದ್ದ ಬೆಂಗಳೂರು ತಂಡಕ್ಕೆ ಬಂದವರು. ಐದು ಋತು ಇಲ್ಲಿದ್ದರು. ಆ ಅವಧಿಯಲ್ಲಿ ತಂಡ ಎರಡು ಐ-ಲೀಗ್, ಎರಡು ಫೆಡರೇಶನ್ ಕಪ್ ಗೆದ್ದಿತು. 2018ರಲ್ಲಿ ಕೋಲ್ಕತ್ತದ ಎಟಿಕೆ ಸೇರಿದರು. ಒಬ್ಬ ಡಿಫೆಂಡರ್‌ನ ವೃತ್ತಿಜೀವನವನ್ನು ಬರೆಯಲು ಹೊರಟರೆ ಹೀಗೆ ನಾಲ್ಕು ವಾಕ್ಯದಲ್ಲಿ ಮುಗಿದುಹೋಗುತ್ತದೆ. ಸ್ಟ್ರೈಕರ್‌ಗಾದರೆ ಗೋಲುಗಳ ಪಟ್ಟಿ ಇದೆ, ಪ್ರತಿ ಗೋಲಿಗೂ ಒಂದು ಕಥೆ ಇದೆ. ಡಿಫೆಂಡರ್ ಮಾಡಿದ ಕೆಲಸವೆಲ್ಲ 'ಇಲ್ಲ'ಗಳ ರೂಪದಲ್ಲಿದೆ.

ಕ್ರಿಕೆಟ್ಟು ಈ ವಿಷಯದಲ್ಲಿ ಹೆಚ್ಚು ನ್ಯಾಯವಂತ. ನಮ್ಮೂರಿನ ರಾಹುಲ್ ದ್ರಾವಿಡ್‌ಗೆ 'ಗೋಡೆ' ಎಂಬ ಹೆಸರು ಪ್ರೀತಿಯಿಂದಲೇ ಬಂದದ್ದು. ಅವರು ಟೆಸ್ಟ್‌ಗಳಲ್ಲಿ ಎದುರಿಸಿದ ಎಸೆತಗಳು 31,258. ಸುಮ್ಮನೆ ತಡೆದು ಬಿಟ್ಟದ್ದೂ ಆ ಲೆಕ್ಕದಲ್ಲಿದೆ. ಫುಟ್ಬಾಲಿನಲ್ಲೂ ಈಗ ಟ್ಯಾಕಲ್, ಕ್ಲಿಯರೆನ್ಸ್ ಎಲ್ಲ ಎಣಿಸುತ್ತಾರೆ, ನಿಜ. ಆದರೆ ಒಳ್ಳೆಯ ಡಿಫೆಂಡರ್ ಸರಿಯಾದ ಜಾಗದಲ್ಲಿ ನಿಂತಿದ್ದರೆ ಎದುರಾಳಿ ಆ ಕಡೆ ಪಾಸ್ ಕೊಡಲು ಯೋಚಿಸುವುದೇ ಇಲ್ಲ. ಟ್ಯಾಕಲ್ ಮಾಡುವ ಪ್ರಸಂಗವೇ ಬರುವುದಿಲ್ಲ. ಅದನ್ನು ಯಾವ ಯಂತ್ರ ಎಣಿಸೀತು?

ಇಲ್ಲಿ ನನಗೆ ನೆರವಾದವರು ನಮ್ಮ ಹಳೆಯ ತಾರ್ಕಿಕರು. ವೈಶೇಷಿಕರು ಲೋಕದಲ್ಲಿರುವ ಪದಾರ್ಥಗಳನ್ನು ಪಟ್ಟಿಮಾಡುತ್ತ, ಕೊನೆಗೆ ಏಳನೆಯದಾಗಿ 'ಅಭಾವ'ವನ್ನೂ ಸೇರಿಸಿಕೊಂಡರು. ಇಲ್ಲದಿರುವುದೂ ಒಂದು ಸಂಗತಿಯೇ. ಪ್ರಾಭಾಕರ ಮೀಮಾಂಸಕರು ಇದನ್ನು ಒಪ್ಪಲಿಲ್ಲ. ಬರಿಯ ನೆಲ ಕಾಣುತ್ತದೆ ಅಷ್ಟೇ, ಗಡಿಗೆಯ ಅಭಾವ ಎಂಬ ಬೇರೆ ವಸ್ತು ಯಾಕೆ ಬೇಕು ಎಂದರು. ಕ್ರೀಡಾಂಗಣದಿಂದ ಮನೆಗೆ ಹೋಗುವ ಬಹುಪಾಲು ಪ್ರೇಕ್ಷಕರು ತಿಳಿಯದೆಯೇ ಪ್ರಾಭಾಕರರು! ನೈಯಾಯಿಕರು ಮಾತ್ರ ಅಭಾವವನ್ನು ಕಣ್ಣಿನಿಂದಲೇ ಕಾಣಬಹುದು ಎಂದು ಹಟ ಹಿಡಿದರು. ಆದರೆ ಎರಡು ಷರತ್ತು ಹಾಕಿದರು. ಯಾವುದು ಇಲ್ಲವೋ ಅದು ಏನೆಂದು ನೋಡುವವನಿಗೆ ಗೊತ್ತಿರಬೇಕು. ಮತ್ತು, ಅದು ಅಲ್ಲಿ ಇದ್ದಿದ್ದರೆ ಕಾಣಿಸಲೇಬೇಕಿತ್ತು ಎನ್ನುವಂತಿರಬೇಕು.

ಎರಡನೆಯ ಷರತ್ತು ನನಗೆ ತುಂಬ ಮುಖ್ಯವೆನಿಸುತ್ತದೆ. ಅದಿಲ್ಲದಿದ್ದರೆ ಯಾರು ಬೇಕಾದರೂ ಎದೆ ತಟ್ಟಿಕೊಳ್ಳಬಹುದು: ನಾನಿದ್ದೆ, ಅದಕ್ಕೇ ಅನಾಹುತ ಆಗಲಿಲ್ಲ ಅಂತ. ರಾಜಕಾರಣದಲ್ಲಿ ಈ ಮಾತಿಗೇನೂ ಬರವಿಲ್ಲ. ಬರಲೇ ಇಲ್ಲದ ಆಪತ್ತನ್ನು ತಡೆದೆ ಎನ್ನುವವನಿಗೂ, ಆರು ಗಜ ದೂರದಲ್ಲಿ ಸ್ಟ್ರೈಕರ್ ಕಾಲೆತ್ತಿದಾಗ ನಡುವೆ ಕಾಲು ಚಾಚಿದವನಿಗೂ ವ್ಯತ್ಯಾಸ ಇರುವುದು ಅಲ್ಲೇ. ಎರಡನೆಯವನ ಪಕ್ಕದಲ್ಲಿ ಗೋಲು ನಿಜಕ್ಕೂ ಬಾಗಿಲಿಗೆ ಬಂದು ನಿಂತಿತ್ತು.

ಆದರೂ ಒಂದು ತೊಡಕು ಉಳಿಯುತ್ತದೆ. ಅಭಾವಗಳಲ್ಲಿ ಒಂದು 'ಪ್ರಾಗಭಾವ', ವಸ್ತು ಹುಟ್ಟುವ ಮೊದಲಿನ ಇಲ್ಲದಿರುವಿಕೆ. ಅದಕ್ಕೆ ಆದಿ ಇಲ್ಲ, ಅಂತ್ಯ ಇದೆ. ಮುಂದೆ ಹುಟ್ಟಲಿರುವ ವಸ್ತುವಿಗೆ ಮಾತ್ರ ಪ್ರಾಗಭಾವ ಎನ್ನುತ್ತಾರೆ. ಅಂದರೆ 86ನೇ ನಿಮಿಷದಲ್ಲಿ ಕೂತು ನೋಡುತ್ತಿರುವವನಿಗೆ, ಈ 'ಗೋಲಿಲ್ಲ' ಎನ್ನುವುದು ಉಳಿಯುವಂಥದೋ, ಇನ್ನೊಂದು ನಿಮಿಷದಲ್ಲಿ ಮುಗಿಯುವಂಥದೋ ತಿಳಿಯುವ ದಾರಿಯಿಲ್ಲ. ಡಿಫೆಂಡರ್‌ಗೂ ತಿಳಿಯದು. ರೆಫರಿಯ ಸೀಟಿ ಊದಿದ ಮೇಲೆಯೇ ಅವನು ಅಲ್ಲಿಯತನಕ ಏನು ಮಾಡುತ್ತಿದ್ದ ಎನ್ನುವುದು ತೀರ್ಮಾನವಾಗುತ್ತದೆ. ಇದು ನನಗೆ ಕ್ರೂರವಾಗಿ ಕಾಣುತ್ತದೆ. ಫಲ ಕೆಟ್ಟಿತೆಂದು ಹಿಂದಿನ ಕೆಲಸದ ಗುಣವೂ ಕೆಡಬೇಕೆ? ಕೆಡಬಾರದು ಎಂದೇ ನನ್ನ ಪಕ್ಷ. 46 ನಿಮಿಷ ತಡೆದದ್ದು ತಡೆದದ್ದೇ. ಆಗದೇ ಹೋದ ಆ ಗೋಲುಗಳು ಬೇರೆ, 87ನೇ ನಿಮಿಷದ ಗೋಲು ಬೇರೆ.

ನಮ್ಮ ಜೆ.ಪಿ. ನಗರ, ಬಿ.ಟಿ.ಎಂ. ಕಡೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಟರ್ಫ್ ಮೈದಾನಗಳಿವೆಯಲ್ಲ, ಅಲ್ಲಿ ಹುಡುಗರು ತಂಡ ಕಟ್ಟುವುದನ್ನು ನೋಡಬೇಕು. 'ಹಿಂದೆ ಯಾರೋ ನಿಲ್ತೀರಾ?' ಅಂದ ಕೂಡಲೇ ಎಲ್ಲರೂ ಬೂಟಿನ ದಾರ ಕಟ್ಟಿಕೊಳ್ಳತೊಡಗುತ್ತಾರೆ. ಕೊನೆಗೆ ತಡವಾಗಿ ಬಂದವನೋ, ಎದುರು ಮಾತಾಡದವನೋ ಹಿಂದೆ ಹೋಗುತ್ತಾನೆ. ಮನೆಯಲ್ಲಿ ರಾತ್ರಿ ಗ್ಯಾಸ್ ಆಫ್ ಆಗಿದೆಯೇ, ಬಾಗಿಲ ಚಿಲಕ ಬಿದ್ದಿದೆಯೇ ಎಂದು ಎದ್ದು ನೋಡುವ ಕೆಲಸವೂ ಹೀಗೆಯೇ ಯಾರದೋ ಒಬ್ಬರ ಪಾಲಿಗೆ ಬಂದಿರುತ್ತದೆ.

2019ರ ಮಾರ್ಚ್ 17ರಂದು ಮುಂಬೈಯಲ್ಲಿ ಐಎಸ್‌ಎಲ್ ಫೈನಲ್. ಗೋವಾ ವಿರುದ್ಧ 117ನೇ ನಿಮಿಷದಲ್ಲಿ ಕಾರ್ನರ್‌ನಿಂದ ಬಂದ ಚೆಂಡಿಗೆ ತಲೆ ಕೊಟ್ಟು ರಾಹುಲ್ ಭೇಕೆ ಬೆಂಗಳೂರಿಗೆ ಟ್ರೋಫಿ ತಂದುಕೊಟ್ಟರು. ಭೇಕೆಯೂ ಡಿಫೆಂಡರ್. ಅಭಿಮಾನಿಗಳು ಅವರ ಹೆಸರು ಹೇಳುವುದು ಇಂದಿಗೂ ಆ ಗೋಲಿನಿಂದ. ಅಂತಿಮ ಅಂಕ 1-0. ಆ ಒಂದರ ಪಕ್ಕದ ಸೊನ್ನೆಯೂ ಅವರು ಮತ್ತು ಸಂಗಡಿಗರು 120 ನಿಮಿಷ ಓಡಿ ಬರೆದದ್ದು.