ತಲೆಕೆಳಗು ಮಾಡಿ ಗುಣಿಸು

ನಾನು ಬಿ.ಎ., ಬಿ.ಎಡ್. ಮಾಡಿದ್ದು ಕನ್ನಡ, ಸಮಾಜ ಹೇಳಿಕೊಡಲೆಂದು. ಗಣಿತದ ಮೇಷ್ಟ್ರಿಗೆ ವರ್ಗವಾಗಿ, ಅವರ ಜಾಗಕ್ಕೆ ಯಾರೂ ಬಾರದೆ, ಏಳನೇ ತರಗತಿಯ ಲೆಕ್ಕ ನನ್ನ ಕೊರಳಿಗೆ ಬಿತ್ತು. ರಾತ್ರಿ ಮನೆಯಲ್ಲಿ ಬಿಡಿಸಿಕೊಂಡು, ಬೆಳಿಗ್ಗೆ ಬೋರ್ಡಿನ ಮೇಲೆ ಇಳಿಸುತ್ತಿದ್ದೆ.

ಒಂದು ದಿನ ಭಿನ್ನರಾಶಿಯ ಭಾಗಾಕಾರ. 1/2 ಅನ್ನು 1/4ರಿಂದ ಭಾಗಿಸಬೇಕು. "ಎರಡನೆಯದನ್ನು ತಲೆಕೆಳಗು ಮಾಡಿ ಗುಣಿಸಿ" ಎಂದೆ. ಉತ್ತರ 2. ಎಲ್ಲರೂ ಬರೆದುಕೊಂಡರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮಿಸ್, ಭಾಗ ಮಾಡಿದ್ರೆ ಕಮ್ಮಿ ಆಗ್ಬೇಕಲ್ವಾ? ಅರ್ಧ ಇದ್ದದ್ದು ಎರಡು ಹೇಗಾಯ್ತು?"

ನನಗೆ ಗೊತ್ತಿರಲಿಲ್ಲ. "ಅದು ನಿಯಮ, ಕೂತ್ಕೋ. ಪರೀಕ್ಷೆಯಲ್ಲಿ ಯಾಕೆ ಅಂತ ಕೇಳಲ್ಲ" ಎಂದು ಗದರಿದೆ. ಕೂತಳು. ಕಿರುಪರೀಕ್ಷೆಯಲ್ಲಿ 25ಕ್ಕೆ 25 ತೆಗೆದಳು. ಆ ವರ್ಷ ಮತ್ತೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆಗ ನನಗೆ ಅದು ನೆಮ್ಮದಿಯೇ ಆಗಿತ್ತು. ಹೇಳಿಕೊಳ್ಳಲು ಈಗ ನಾಚಿಕೆ.

ಉತ್ತರ ಸಿಕ್ಕಿದ್ದು ಮುಂದಿನ ವರ್ಷ, ಅಡುಗೆಮನೆಯಲ್ಲಿ. ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಕತ್ತರಿಸಿ ಕಾಲು ಲೀಟರಿನ ಲೋಟಕ್ಕೆ ಸುರಿದೆ. ಎರಡು ಲೋಟ ತುಂಬಿತು. ಭಾಗಾಕಾರವೆಂದರೆ ಹಂಚುವುದಷ್ಟೇ ಅಲ್ಲ, ಇದರಲ್ಲಿ ಅದು ಎಷ್ಟು ಸಲ ಎಂದು ಕೇಳುವುದೂ ಹೌದು! ಒಂದು ಲೀಟರಿನಲ್ಲಿ ಕಾಲು ಲೀಟರು ನಾಲ್ಕು ಸಲ, ಅರ್ಧದಲ್ಲಿ ಅದರ ಅರ್ಧ. ನಾಲ್ಕರಿಂದ ಗುಣಿಸುವುದು ಅದಕ್ಕೇ. ಇಷ್ಟು ವರ್ಷ ಹಾಲು ಅಳೆದವಳಿಗೆ ಇದು ಹೊಳೆಯಲಿಲ್ಲವಲ್ಲ!

ಈ ನಿಯಮ 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರ 'ಗಣಿತಸಾರಸಂಗ್ರಹ'ದಲ್ಲೇ ಇದೆಯಂತೆ. ತಿಳಿದು ಹೆಮ್ಮೆಯಾಯಿತು. ಆದರೆ ನಿಯಮ ಹಳೆಯದು ಎನ್ನುವುದು ಆ ಹುಡುಗಿಗೆ ಉತ್ತರವಾಗುತ್ತದೆಯೇ?

ಸುಳ್ಳು ಹೇಳಬಾರದೆಂದು ನೀತಿಪಾಠ ಮಾಡುವವಳು ನಾನು. ನಿಯಮ ಎಂದದ್ದು ಸುಳ್ಳಲ್ಲ ನಿಜ. ಆದರೆ ನನಗೆ ತಿಳಿಯದ್ದನ್ನು ಅವಳ ತಪ್ಪೆಂಬಂತೆ ಮಾಡಿದೆನಲ್ಲ, ಅದಕ್ಕೆ ಏನೆನ್ನುತ್ತೀರಿ? ಪಾಠ ಮುಗಿಸಬೇಕು, ರಿಸಲ್ಟ್ ತೋರಿಸಬೇಕು, ಒಪ್ಪುತ್ತೇನೆ. "ನನಗೂ ಗೊತ್ತಿಲ್ಲಮ್ಮ, ನೋಡಿ ಹೇಳ್ತೀನಿ" ಎನ್ನಲು ಯಾವ ಸಿಲೆಬಸ್ ಅಡ್ಡ ಬಂದಿತ್ತು?

ಆ ಹುಡುಗಿ ಅಷ್ಟರಲ್ಲಿ ಹೈಸ್ಕೂಲಿಗೆ ಹೋಗಿಯಾಗಿತ್ತು. ಹೊಸ ಮಕ್ಕಳ ಮುಂದೆ ಲೋಟ, ನೀರು ಇಟ್ಟುಕೊಂಡು ತೋರಿಸಿದೆ. ಒಬ್ಬ ಕೇಳಿದ: "ಮಿಸ್, ಅರ್ಧದಲ್ಲಿ ಮುಕ್ಕಾಲು ಎಷ್ಟು ಸಲ? ಲೋಟ ತುಂಬೋದೇ ಇಲ್ವಲ್ಲ!"

2/3 ಎಂದು ಬೋರ್ಡಿನ ಮೇಲೆ ಬರೆಯಬಲ್ಲೆ. ಲೋಟದಲ್ಲಿ ತೋರಿಸುವುದು ಹೇಗೋ ಹೊಳೆಯಲಿಲ್ಲ.

"ಗೊತ್ತಾಗ್ತಿಲ್ಲ ಕಣಪ್ಪಾ, ನಾಳೆ ಹೇಳ್ತೀನಿ" ಎಂದೆ.