ಗೃಹಾಲಂಕಾರ: ಅನುಕರಣವು ಅಸತ್ಯವೆ?

ಮನೆಯನ್ನು ಅಂದಗೊಳಿಸಬೇಕೆಂಬ ಆಸೆ ಮನುಷ್ಯನಿಗೆ ಸಹಜವಾದುದು. ಹೊಸ್ತಿಲಿಗೆ ರಂಗವಲ್ಲಿ, ಬಾಗಿಲಿಗೆ ತೋರಣ, ಗೂಡಿನಲ್ಲಿ ದೀಪ, ಇವು ಬಡವರ ಮನೆಯಲ್ಲಿಯೂ ಉಂಟು, ಸಿರಿವಂತರ ಮನೆಯಲ್ಲಿಯೂ ಉಂಟು. ಆದರೆ ಈಚೆಗೆ ಇನ್ನೊಂದು ರೂಢಿ ಬೆಳೆದಿದೆ. ಹೆಸರಾಂತ ಕುಶಲಿಗಳು ರೂಪಿಸಿದ ಬೆಲೆಬಾಳುವ ವಸ್ತುಗಳನ್ನು ಕಂಡು, ಅವುಗಳಂತೆಯೇ ತೋರುವ ವಸ್ತುಗಳನ್ನು ಅಲ್ಪ ವೆಚ್ಚದಲ್ಲಿ ಮನೆಯಲ್ಲಿಯೇ ಮಾಡಿಕೊಳ್ಳುವ ರೂಢಿಯದು. ಇದು ಮಿತವ್ಯಯವೆ, ಇಲ್ಲವೆ ಮಿಥ್ಯಾಚಾರವೆ? ವಿಷಯ ಚಿಕ್ಕದೆಂದು ತೋರಬಹುದು. ನಮಗೂ ಮೊದಲು ಹಾಗೆಯೇ ತೋರಿತ್ತು.

ಕೆಲವು ವರ್ಷಗಳ ಹಿಂದೆ ಭಕ್ತರೊಬ್ಬರ ಮನೆಗೆ ಪಾದಪೂಜೆಗೆಂದು ಹೋಗಿದ್ದೆವು. ಪಡಸಾಲೆಯ ಗೂಡಿನಲ್ಲಿ ಒಂದು ಹೂದಾನಿ ಇತ್ತು. ಕಪ್ಪು ಮೈಯ ಮೇಲೆ ಬೆಳ್ಳಿಯ ಬಳ್ಳಿ ಹರಿದಂತೆ ಬಹು ಸೊಗಸಾಗಿತ್ತು. “ಬಿದರಿಯ ಕೆಲಸವೆಂದರೆ ಹೀಗಿರಬೇಕು” ಎಂದು ನೆರೆದವರೆದುರು ನಾವೇ ಹೊಗಳಿದೆವು. ಯಜಮಾನರು ಮುಗುಳ್ನಕ್ಕು ಸುಮ್ಮನಾದರು. ಅವರ ಸೊಸೆ ತಲೆ ತಗ್ಗಿಸಿದರು. ಪ್ರಸಾದವಾದ ಮೇಲೆ ಆ ತಾಯಿ ಒಬ್ಬರೇ ಬಂದು, “ಅಪ್ಪಾವರೇ, ಅದು ಬಿದರಿಯದಲ್ಲ. ಮಣ್ಣಿನ ಗಡಿಗೆಗೆ ನಾನೇ ಕಪ್ಪು ಬಣ್ಣ ಬಳಿದು ಬೆಳ್ಳಿಬಣ್ಣದಲ್ಲಿ ಬಳ್ಳಿ ಬರೆದೆ. ನಾಲ್ಕು ಜನರ ಮುಂದೆ ಹೇಳಲು ಬಾಯಿ ಬರಲಿಲ್ಲ, ತಪ್ಪಾಯಿತು” ಎಂದು ಕಣ್ಣೀರು ತಂದರು. ಅವರನ್ನು ಸಮಾಧಾನಪಡಿಸಿ ಹೊರಟೆವಾದರೂ, ಈ ತಪ್ಪು ಯಾರದು ಎಂಬ ಪ್ರಶ್ನೆ ನಮ್ಮನ್ನು ಬಿಡಲಿಲ್ಲ.

ನಿಜವಾದ ಬಿದರಿಯ ವಸ್ತು ಹೇಗೆ ಹುಟ್ಟುತ್ತದೆಂಬುದನ್ನು ಮೊದಲು ನೋಡೋಣ. ಹೆಚ್ಚು ಪಾಲು ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನಯಗೊಳಿಸಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸಿ, ಅದರ ಮೇಲೆ ಮೊನೆಯಿಂದ ಚಿತ್ರ ಬರೆಯುತ್ತಾರೆ. ಗೆರೆಗಳನ್ನು ಚಾಣದಿಂದ ಕೊರೆದು, ಆ ಕೊರೆತದೊಳಗೆ ಬೆಳ್ಳಿಯ ತಂತಿಯನ್ನು ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ ಕೋಟೆಯ ಮಣ್ಣನ್ನು ನವಸಾಗರದೊಡನೆ ಕಲಸಿ, ಕಾಯಿಸಿದ ವಸ್ತುವಿಗೆ ಹಚ್ಚಿದಾಗ ಲೋಹವು ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಬಹಮನಿ ಸುಲ್ತಾನರ ಕಾಲದಿಂದ ಬಂದುದೆಂದು ಪರಂಪರೆ ಹೇಳುವ ಈ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಕುಶಲಿ ಶಾ ರಶೀದ್ ಅಹಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಇಷ್ಟು ಶ್ರಮದ ಫಲವನ್ನು ಎರಡು ಡಬ್ಬಿ ಬಣ್ಣದಿಂದ ತೋರಿಸಹೊರಟರೆ ಅದು ಅಸತ್ಯವಲ್ಲವೆ ಎಂದು ನೀವು ಕೇಳಬಹುದು.

ಗ್ರೀಸಿನ ತತ್ತ್ವಜ್ಞಾನಿ ಪ್ಲೇಟೋ ಹೀಗೆಯೇ ಕೇಳಿದವನು. ತನ್ನ ‘ರಿಪಬ್ಲಿಕ್’ ಗ್ರಂಥದ ಹತ್ತನೆಯ ಭಾಗದಲ್ಲಿ ಅವನು ಮಂಚದ ದೃಷ್ಟಾಂತ ಕೊಡುತ್ತಾನೆ: ದೇವನು ಸೃಷ್ಟಿಸಿದ ಮಂಚದ ಮೂಲತತ್ತ್ವ ಒಂದು, ಅದನ್ನನುಸರಿಸಿ ಬಡಗಿ ಮಾಡಿದ ಮಂಚ ಎರಡನೆಯದು, ಬಡಗಿಯ ಮಂಚವನ್ನು ನೋಡಿ ಚಿತ್ರಕಾರ ಬರೆದುದು ಮೂರನೆಯದು. ಅನುಕರಣ ಮಾಡುವವನು ಸತ್ಯದಿಂದ ಅಷ್ಟು ದೂರ ಎಂದು ಅವನ ಅಭಿಪ್ರಾಯ. ಆದರೆ ನಮ್ಮ ದಾರ್ಶನಿಕರು ಶುಕ್ತಿ-ರಜತದ ದೃಷ್ಟಾಂತದಲ್ಲಿ ಇನ್ನೊಂದು ದಾರಿ ತೋರಿದ್ದಾರೆ. ಮಿನುಗುವ ಸಿಪ್ಪಿಯನ್ನು ಕಂಡು ಬೆಳ್ಳಿಯೆಂದು ಭ್ರಮಿಸಿದರೆ ದೋಷ ಸಿಪ್ಪಿಯದೆ? ಸಿಪ್ಪಿ ಎಂದೂ ತಾನು ಬೆಳ್ಳಿಯೆಂದು ಹೇಳಲಿಲ್ಲ. ನೋಡಿದವನ ಲೋಭವೇ ಅದರ ಮೇಲೆ ಬೆಳ್ಳಿಯನ್ನು ಆರೋಪಿಸಿತು.

ಹೋಲಿಕೆ ಮಾತ್ರದಿಂದ ಸುಳ್ಳು ಹುಟ್ಟುವುದಿಲ್ಲ. ಐಹೊಳೆಯ ಲಾಡಖಾನ್ ಗುಡಿಯನ್ನು ನೀವು ನೋಡಿರಬಹುದು. ಅದರ ಚಾವಣಿಯ ಚಪ್ಪಡಿಗಳ ಸಂದುಗಳನ್ನು ಮುಚ್ಚುವ ಕಲ್ಲಿನ ಪಟ್ಟಿಗಳು ಮರದ ತೊಲೆಗಳಂತೆಯೇ ಇವೆ. ಕಲ್ಲು ಮರವನ್ನು ಅನುಕರಿಸಿದೆ. ಆದರೂ ಆ ಶಿಲ್ಪಿಯನ್ನು ವಂಚಕನೆಂದು ಯಾರೂ ಅನ್ನುವುದಿಲ್ಲ. ನೋಡಿ ಮಾಡುವುದೇ ಕಲೆಯ ಮೊದಲ ಪಾಠ. ತಾನು ಕಂಡು ಮೆಚ್ಚಿದ ಚೆಲುವನ್ನು, ಕೊಳ್ಳಲು ಹಣವಿಲ್ಲದ ಗೃಹಿಣಿ ತನ್ನ ಕೈಯಿಂದ, ತನ್ನ ಬಿಡುವಿನಲ್ಲಿ ಮೂಡಿಸಿಕೊಂಡರೆ ಅದೂ ಕಾಯಕದ ಒಂದು ಕಿರುಕವಲು. ಸಾಲಮಾಡಿ ಅಸಲನ್ನು ಕೊಂಡು ಮೆರೆಯುವುದಕ್ಕಿಂತ ಅದು ಎಷ್ಟೋ ಮೇಲು.

ಹಾಗಾದರೆ ಸುಳ್ಳು ಹೊಕ್ಕದ್ದು ಎಲ್ಲಿ? ಆ ಗಡಿಗೆ ಸುಳ್ಳಲ್ಲ, ಅದರ ಮೇಲಿನ ಬಳ್ಳಿಯೂ ಸುಳ್ಳಲ್ಲ. ನಮ್ಮ ಹೊಗಳಿಕೆಯ ಮುಂದೆ ಆ ಮನೆಯವರು ಮೌನವಾದರಲ್ಲ, ಆ ಕ್ಷಣದಲ್ಲಿ ಅದು ಹೊಕ್ಕಿತು. ಅದಕ್ಕೆ ಬಾಗಿಲು ತೆರೆದವರು ನಾವು. ವಸ್ತುವಿನ ಅಂದವನ್ನಷ್ಟೇ ಹೇಳಿದ್ದರೆ ಆ ತಾಯಿ ಹಿಗ್ಗಿ “ನಾನೇ ಮಾಡಿದ್ದು” ಎನ್ನುತ್ತಿದ್ದರು. ನಾವು ಹೊಗಳಿದ್ದು ಹೆಸರನ್ನು, ಅದರ ಹಿಂದಿನ ಬೆಲೆಯನ್ನು. ಬೆಲೆಯನ್ನೇ ಗೌರವಿಸುವ ಸಮಾಜದಲ್ಲಿ ಬಡವನು ತನ್ನ ಕೈಕೆಲಸಕ್ಕೆ ನಾಚುತ್ತಾನೆ. ಇದಕ್ಕೆ ವಿರಕ್ತರೆನಿಸಿಕೊಂಡ ನಾವೂ ಹೊರತಾಗಲಿಲ್ಲ.

ಇನ್ನೊಂದು ಎಲ್ಲೆಯನ್ನೂ ಮರೆಯಬಾರದು. ಮನೆಯ ಗೂಡಿಗೆ ಮಾಡಿಕೊಂಡುದು ಬೇರೆ; ಬಣ್ಣ ಬಳಿದುದನ್ನು ಬಿದರಿಯೆಂದು ಹೆಸರಿಟ್ಟು ಮಾರುವುದು ಬೇರೆ. ಎರಡನೆಯದು ಕೊಂಡವನಿಗೂ ಮೋಸ, ಕುಶಲಿಯ ಅನ್ನಕ್ಕೂ ಕನ್ನ. ಅಗ್ಗದ ಹೋಲಿಕೆಯನ್ನು ತೋರಿಸಿ, “ಇಂಥದೇ ಕಡಮೆಗೆ ಸಿಗುತ್ತದೆ” ಎಂದು ಕುಶಲಿಯೊಡನೆ ಚೌಕಾಸಿ ಮಾಡುವುದೂ ಅದಕ್ಕೆ ಸಮೀಪದ ಪಾಪವೇ. ಯಾರ ಕಲೆಯನ್ನು ನೋಡಿ ನಾವು ಕಲಿತೆವೋ ಅವರ ಋಣ ನಮ್ಮ ಮೇಲಿರುತ್ತದೆ. ಕೊಳ್ಳಲಾಗದಿದ್ದರೆ ಅವರ ಹೆಸರು ಹೇಳಿಯಾದರೂ ಆ ಋಣವನ್ನು ಸ್ಮರಿಸಬೇಕು.

ಮರುವರ್ಷ ಅದೇ ಮನೆಗೆ ಹೋದಾಗ ನೆರೆದವರೆದುರು ಹೇಳಿದೆವು: “ಹಿಂದಿನ ಸಲ ನಾವು ತಿಳಿಯದೆ ಆಡಿದೆವು. ಇದು ಬಿದರಿಯದಲ್ಲ, ಈ ತಾಯಿಯ ಕೈಕೆಲಸ. ಬಳ್ಳಿ ಬಹಳ ಚೆನ್ನಾಗಿ ಬಂದಿದೆ.” ಯಜಮಾನರ ಮುಖ ಸ್ವಲ್ಪ ಬಾಡಿತೆಂಬುದನ್ನು ಮರೆಮಾಚಲಾರೆವು. ಆದರೆ ಆ ತಾಯಿ ತಲೆಯೆತ್ತಿ ನಿಂತಿದ್ದರು. ನೆರೆಮನೆಯ ಹೆಣ್ಣುಮಗಳೊಬ್ಬಳು ಬಣ್ಣ ಹಚ್ಚುವ ಬಗೆಯನ್ನು ಅಲ್ಲಿಯೇ ಕೇಳತೊಡಗಿದಳು.

ಸದ್ಭಕ್ತರೆ, ನಿಮ್ಮ ಮನೆಯಲ್ಲಿಯೂ ಇಂತಹ ವಸ್ತು ಒಂದಿರಬಹುದು. ಬಂದವರು ಅದನ್ನು ಮೆಚ್ಚಿ ಕೇಳಿದಾಗ “ನಾವೇ ಮಾಡಿದ್ದು” ಎಂದು ತಡವರಿಸದೆ ಹೇಳಬಲ್ಲಿರಾದರೆ ಅದು ನಿರ್ದೋಷವಾದ ಅಲಂಕಾರ. ಹೇಳಲು ನಾಲಗೆ ಹಿಂಜರಿಯುವುದಾದರೆ ವಸ್ತುವನ್ನು ತೆಗೆದಿಡಬೇಕಾಗಿಲ್ಲ, ಹಿಂಜರಿಕೆಯನ್ನು ತೆಗೆದುಹಾಕಿರಿ. ನೀವು ಇನ್ನೊಬ್ಬರ ಮನೆಗೆ ಹೋದಾಗ, ಇದು ಎಷ್ಟಕ್ಕೆ ಬಂತು ಎಂಬುದಕ್ಕೆ ಮೊದಲು ಇದನ್ನು ಮಾಡಿದವರು ಯಾರು ಎಂದು ಕೇಳುವುದನ್ನು ರೂಢಿಮಾಡಿಕೊಳ್ಳಿರಿ.