ಬೆರಳಿನ ಲೆಕ್ಕ ಬಲ್ಲ ವಕೀಲರು

ಪೀಣ್ಯದ ಶೆಡ್ಡೊಂದರ ಪ್ರೆಸ್ ಮೆಷಿನ್‌ಗೆ ಬಲಗೈಯ ತೋರುಬೆರಳು ಕೊಟ್ಟ ಹುಡುಗನನ್ನು ಕೆಲವು ವರ್ಷಗಳ ಹಿಂದೆ ವಕೀಲರೊಬ್ಬರ ಬಳಿಗೆ ಕರೆದೊಯ್ದಿದ್ದೆ. ನಮ್ಮ ಟಿ. ದಾಸರಹಳ್ಳಿಯಲ್ಲಿ ಇಂಥ ಕೈಗಳು ಅಪರೂಪವಲ್ಲ. ನಮಾಝಿನ ಸಾಲಿನಲ್ಲಿ ಪಕ್ಕದವರ ಕೈ ನೋಡಿಯೇ ಅವರ ಕಸುಬು ಹೇಳಬಹುದು. ಶೆಡ್ಡಿಗೆ ಇಎಸ್‌ಐ ಇರಲಿಲ್ಲ. ಮಾಲಿಕರು ವಿಮೆ ಮಾಡಿಸಿದ್ದರು.

ವಕೀಲರು ಕೈ ತಿರುಗಿಸಿ ನೋಡಿ, ‘ಹದಿನಾಲ್ಕು’ ಎಂದರು. ಆಗ ಚಾಲ್ತಿಯಲ್ಲಿದ್ದ 1923ರ ಪರಿಹಾರ ಕಾಯ್ದೆಯ ಪಟ್ಟಿಯಂತೆ ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿ ಶೇ. 30 ನಷ್ಟ, ತೋರುಬೆರಳಿಗೆ 14, ಕಿರುಬೆರಳಿಗೆ 7. ಅವರು ಪುಸ್ತಕ ತೆರೆಯಲಿಲ್ಲ. ಹದಿನೈದು ವರ್ಷ ವಿಮಾ ಕಂಪೆನಿಗಳ ಪರವಾಗಿ ಇದೇ ಲೆಕ್ಕವನ್ನು ಇಳಿಸುವ ಕೆಲಸ ಮಾಡಿದ್ದರಂತೆ. ಅದನ್ನು ಹೇಳಿದ್ದು ಅವರಲ್ಲ, ಹೊರಗಿದ್ದ ಗುಮಾಸ್ತ.

‘ಆ ಕಡೆಯವರೇ ಅಲ್ವಾ ಭಾಯ್, ಹೇಗೆ ನಂಬೋದು?’ ಎಂದರು ಹುಡುಗನ ತಾಯಿ.

ನನಗೂ ಅದೇ ಕೊರೆಯತೊಡಗಿತು. ಅಲ್ಲಾಹನ ಹಕ್ಕಿನಲ್ಲಿ ತಪ್ಪಿದರೆ ತೌಬಾ ಇದೆ. ಮನುಷ್ಯರ ಹಕ್ಕು ಹಾಗಲ್ಲ. ಕಿತ್ತುಕೊಂಡದ್ದನ್ನು ಹಿಂದಿರುಗಿಸಬೇಕು, ಇಲ್ಲವೇ ಅವನಿಂದಲೇ ಮಾಫಿ ಪಡೆಯಬೇಕು. ಆದರೆ ಇವರು ಕಿತ್ತುಕೊಂಡರೇ? ವಿಮಾ ಕಂಪೆನಿಗೂ ವಕೀಲ ಬೇಕು. ಸುಳ್ಳು ಗಾಯದ ಕೇಸುಗಳೂ ಇವೆ, ನಮ್ಮವರೂ ಹಾಕುತ್ತಾರೆ. ಕಾನೂನು ಬಿಟ್ಟು ಅವರು ವಾದಿಸಿರಲಾರರು. ಆದರೂ ನಿಜವಾಗಿ ಕೈ ಕಳೆದುಕೊಂಡವನ ಹಣ ಆ ವಾದದಿಂದ ಕಡಿಮೆಯಾಗಿದ್ದರೆ ಆ ಬಾಕಿ ಯಾರ ಮೇಲಿದೆ?

ಹ. ಉಮರ್(ರ) ಮೊದಲು ಹೆಬ್ಬೆರಳಿಗೆ 15 ಒಂಟೆ, ಕಿರುಬೆರಳಿಗೆ 6 ಎಂದು ದಿಯತ್ ನಿಗದಿಪಡಿಸಿದ್ದರು. ಬೆರಳುಗಳೆಲ್ಲ ಸಮಾನ, ಒಂದೊಂದಕ್ಕೂ 10 ಎಂಬ ಪ್ರವಾದಿವರ್ಯರ(ಸ) ಆದೇಶ ತಿಳಿದಾಗ ತಮ್ಮ ತೀರ್ಪನ್ನು ಬಿಟ್ಟರೆಂದು ಫಿಕ್‌ಹ್ ಗ್ರಂಥಗಳಲ್ಲಿದೆ. ಬಿಟ್ಟದ್ದು ಎಲ್ಲರಿಗೂ ತಿಳಿಯುವಂತೆ. ನಮ್ಮ ವಕೀಲರ ವಿಷಯದಲ್ಲಿ ನನಗೆ ಚುಚ್ಚಿದ್ದು ಇದೇ. ಅವರು ಪಕ್ಷ ಬದಲಿಸಿದ್ದಕ್ಕೆ ನನ್ನ ತಕರಾರಿಲ್ಲ. ತಮ್ಮ ಹಿಂದಿನದನ್ನು ಆ ತಾಯಿಗೆ ತಾವೇ ಮೊದಲು ಹೇಳಬೇಕಿತ್ತು. ವಕಾಲತ್ತು ಒಂದು ಅಮಾನತ್ತು. ಯಾರ ಕೈಗೆ ಕೊಡುತ್ತಿದ್ದೇನೆಂದು ಕೊಡುವವನಿಗೆ ಗೊತ್ತಿರಬೇಡವೇ?

ಮತ್ತೆ ಒಳಗೆ ಹೋಗಿ ಕೇಳಿಯೇಬಿಟ್ಟೆ. ಅವರು ಸಿಟ್ಟಾಗಲಿಲ್ಲ. 1975ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪೊಂದನ್ನು ತೋರಿಸಿದರು. ಎಡಗೈ ಕಳೆದುಕೊಂಡ ಬಡಗಿ ಒಂದೇ ಕೈಯಲ್ಲಿ ಬಡಗಿಯ ಕೆಲಸ ಮಾಡಲಾರ, ಆದ್ದರಿಂದ ಅವನ ನಷ್ಟ ಪೂರ್ಣ ಎಂದು ಅದರಲ್ಲಿದೆ. ‘ಈ ತೀರ್ಪಿನಿಂದ ಕಂಪೆನಿಯನ್ನು ಎಷ್ಟೋ ಸಲ ತಪ್ಪಿಸಿದ್ದೇನೆ ಸಾರ್. ತಪ್ಪಿಸಿಕೊಳ್ಳೋ ದಾರಿಗಳು ಗೊತ್ತಿರೋದರಿಂದಲೇ ಈಗ ಮುಚ್ಚೋಕೆ ಬರುತ್ತೆ.’

‘ಅವರ ಮುಖಗಳು ನೆನಪಿವೆಯಾ?’

‘ಇಲ್ಲ. ಪರ್ಸೆಂಟೇಜ್ ನೆನಪಿದೆ.’

ಈ ಉತ್ತರದಿಂದ ನನಗೆ ಸಮಾಧಾನವಾಗಲಿಲ್ಲ, ಆದರೆ ಅದರಲ್ಲಿ ಸುಳ್ಳಿರಲಿಲ್ಲ. ಅಷ್ಟೂ ಮಾತನ್ನು ತಾಯಿಗೆ ಉರ್ದುವಿನಲ್ಲಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಮಗನತ್ತ ತಲೆಯಾಡಿಸಿದರು. ಹುಡುಗ ವಕಾಲತ್ತಿಗೆ ಎಡಗೈಯಿಂದ ಸಹಿ ಮಾಡಿದ.